ವಿಕಿಪೀಡಿಯದ ಹೊಸ ನೋಟ ಹಿಡಿಸದಿದ್ದರೆ

2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ವೆಕ್ಟರ್ 2022 ಎಂಬ ಹೊಸ ನೋಟ ಬಂದಾಗ ಹೆಚ್ಚು ಕೇಳಿಬಂದ ದೂರು ಒಂದೇ: ಅಕ್ಕಪಕ್ಕ ಇಷ್ಟೊಂದು ಖಾಲಿ ಜಾಗ ಯಾಕೆ? ಸಾಲು ತೀರಾ ಉದ್ದವಾದರೆ ಓದುವಾಗ ಕಣ್ಣು ಮುಂದಿನ ಸಾಲಿನ ಆರಂಭ ಹುಡುಕಲು ತಡಕಾಡುತ್ತದೆ ಎಂಬುದು ವಿನ್ಯಾಸಕಾರರ ವಾದ. ಲೇಖನ ಓದಲು ಅದು ಸರಿಯೇ, ಅಗಲವಾದ ಕೋಷ್ಟಕಗಳಿಗೆ ಮಾತ್ರ ಹಿಂಸೆ.

ಪುಟದ ಮೇಲ್ಭಾಗದ ಕನ್ನಡಕದ ಗುರುತು ಒತ್ತಿ. ಅಕ್ಷರದ ಗಾತ್ರ, ಅಗಲ, ಬಣ್ಣ ಮೂರೂ ಅಲ್ಲೇ ಇವೆ. ಅಗಲವನ್ನು 'ವೈಡ್' ಮಾಡಿದರೆ ಖಾಲಿ ಜಾಗ ಹೋಗುತ್ತದೆ. ಬಣ್ಣದಲ್ಲಿ 'ಆಟೋಮ್ಯಾಟಿಕ್' ಇಟ್ಟರೆ ಫೋನ್ ಅಥವಾ ಕಂಪ್ಯೂಟರಿನ ಸೆಟ್ಟಿಂಗ್‌ನಂತೆ ನಡೆಯುತ್ತದೆ.

ಡಾರ್ಕ್ ಮೋಡಿನಲ್ಲಿ ಕೆಲವು ಕೋಷ್ಟಕಗಳ ಅಕ್ಷರ ಮಾಯವಾದಂತೆ ಕಂಡರೆ ಬ್ರೌಸರಿನ ತಪ್ಪಲ್ಲ. ಆ ಕೋಷ್ಟಕ ಬರೆದವರು ಹಿನ್ನೆಲೆಗೆ ತಿಳಿಬಣ್ಣ ಕೊಟ್ಟು ಅಕ್ಷರದ ಬಣ್ಣ ಹೇಳದೇ ಬಿಟ್ಟಿರುತ್ತಾರೆ. ಬಿಳಿ ಅಕ್ಷರ ತಿಳಿ ಹಿನ್ನೆಲೆಯಲ್ಲಿ ಮುಳುಗುತ್ತದೆ. ಸದ್ಯಕ್ಕೆ 'ಲೈಟ್'ಗೆ ಬದಲಿಸಿ ಓದಿ. ಸಂಪಾದಿಸಲು ಬಂದರೆ ಅಕ್ಷರದ ಬಣ್ಣ ಸೇರಿಸಿಬಿಡಿ.

ಲಾಗಿನ್ ಆಗದಿದ್ದರೆ ಈ ಆಯ್ಕೆಗಳು ಆ ಬ್ರೌಸರಿನಲ್ಲಷ್ಟೇ ಉಳಿಯುತ್ತವೆ. ಕುಕೀ ಅಳಿಸಿದರೆ ಮತ್ತೆ ಮೊದಲಿನಿಂದ. ಹಳೆಯ ನೋಟವೇ ಬೇಕೆಂದು ಹಟವಿದ್ದರೆ ಖಾತೆ ತೆರೆದು, ಪ್ರಾಶಸ್ತ್ಯಗಳಲ್ಲಿ 'ವೆಕ್ಟರ್ ಲೆಗಸಿ 2010' ಆರಿಸಿ, ಕೆಳಗಿನ ಉಳಿಸುವ ಗುಂಡಿ ಒತ್ತಿ.