ತೌಡು, ಹಿಂಡಿ, ಹಿಪ್ಪುನೇರಳೆ: ಮೊಲದ ಮೇವು ಮನೆಯಲ್ಲೇ

ಕೊಡಗಿನಲ್ಲಿ ಮೊಲ ಸಾಕುವವರು ಪ್ರತಿ ಸಲ ಅಂಗಡಿಯಿಂದ ಪೆಲೆಟ್ (ಗುಳಿಗೆ ಮೇವು) ಮೂಟೆ ತರಬೇಕಾಗಿಲ್ಲ. ಗದ್ದೆಯ ಭತ್ತ ಮಿಲ್ಲಿಗೆ ಹೋದರೆ ತೌಡು ಸಿಗುತ್ತದೆ, ಅಲ್ವಾ? ಆದರೆ ಬರೀ ತೌಡು ಸಾಲದು, ಬೆಳೆಯುವ ಮರಿಗೆ ಶೇ. 16ರಷ್ಟಾದರೂ ಪ್ರೋಟೀನ್ ಬೇಕು.

ಒಂದು ಕಿಲೋಗೆ ತೌಡು 450 ಗ್ರಾಂ, ಜೋಳದ ನುಚ್ಚು 300, ಕಡಲೆಕಾಯಿ ಹಿಂಡಿ 220, ಖನಿಜ ಮಿಶ್ರಣ 20, ಉಪ್ಪು 10. ಪುಡಿ ಮೂಗಿಗೆ ಹೋಗಿ ಮೊಲಗಳು ಸೀನುತ್ತವೆ, ಅದಕ್ಕೆ ನೀರು ಚಿಮುಕಿಸಿ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವಷ್ಟು ಹದ ಮಾಡಿ. ದೊಡ್ಡ ಮೊಲಕ್ಕೆ ದಿನಕ್ಕೆ 100 ಗ್ರಾಂ ಸಾಕು, ಹಾಲೂಡಿಸುವ ತಾಯಿಗೆ ಜಾಸ್ತಿ. ಉಳಿದದ್ದನ್ನು ಅವತ್ತೇ ತೆಗೆಯಿರಿ.

ಹೊಟ್ಟೆ ತುಂಬಬೇಕಾದದ್ದು ಮಾತ್ರ ಹುಲ್ಲು, ಸೊಪ್ಪಿನಿಂದಲೇ. ಹಿಪ್ಪುನೇರಳೆ ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಹಲಸಿನ ಎಲೆಯೂ ಆಗುತ್ತದೆ.

ನಮ್ಮ ಮಳೆಗಾಲವೇ ನಿಜವಾದ ಕಷ್ಟ. ಒದ್ದೆ ಹುಲ್ಲನ್ನು ಹಾಗೇ ಹಾಕಿದರೆ ಹೊಟ್ಟೆ ಉಬ್ಬಬಹುದು, ಒಲೆಮನೆ ಅಟ್ಟದಲ್ಲಿ ಬಾಡಿಸಿ ಕೊಡಿ. ಹಿಂಡಿಗೆ ತೇವ ತಾಗಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರಬಹುದು, ಬೂಷ್ಟಿನ ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ಕಾಫಿ ಸಿಪ್ಪೆ ರಾಶಿ ಬಿದ್ದಿದೆ ಅಂತ ಸುಮ್ನೆ ಹಾಕಬೇಡಿ, ಅದರಲ್ಲಿ ಮೊಲಕ್ಕೆ ಆಗದ ಕೆಫೀನ್, ಟ್ಯಾನಿನ್ ಇದೆ. ಹೊಸ ಮೇವಿಗೆ ಒಂದು ವಾರದಲ್ಲಿ ನಿಧಾನವಾಗಿ ಒಗ್ಗಿಸಿ, ಹಿಕ್ಕೆ ಮೆತ್ತಗಾದರೆ ಮಿಶ್ರಣ ನಿಲ್ಲಿಸಿ ಒಣಹುಲ್ಲು ಮಾತ್ರ ಕೊಡಿ.