ಮೆಕ್ಸಿಕೊದ ರಾಜ್ಯಮಟ್ಟದ ರಾಜಕಾರಣಿಯ ವೃತ್ತಿಜೀವನವನ್ನು ಗುರುತಿಸುವ ಬಗೆ

ಮೊದಲು ಹೆಸರನ್ನು ಸರಿಯಾಗಿ ಓದಿಕೊಳ್ಳಿ. ಕೊನೆಯಲ್ಲಿ ಬರುವ ಎರಡು ಕುಲನಾಮಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ತಂದೆಯದು, ಎರಡನೆಯದು ತಾಯಿಯದು. ಕೊನೆಯ ಪದವನ್ನಷ್ಟೇ ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ.

ಬಳಿಕ ಹುದ್ದೆಗಳನ್ನು ಅವಧಿಸಹಿತ ಕಾಲಾನುಕ್ರಮದಲ್ಲಿ ಬರೆದುಕೊಳ್ಳಿ. ಸಂಸತ್ತಿನ ಕೆಳಮನೆಯ ಅವಧಿ 3 ವರ್ಷ, ಸೆನೆಟ್‌ನದು 6 ವರ್ಷ, ಗವರ್ನರ್ ಹುದ್ದೆಯದು ಸಾಮಾನ್ಯವಾಗಿ 6 ವರ್ಷ. ಜನರಿಂದ ಚುನಾಯಿತರಾದ ಗವರ್ನರ್ ಮತ್ತೆಂದೂ ಆ ಹುದ್ದೆಗೆ ಬರುವಂತಿಲ್ಲ. ಶಾಸಕರು ಮತ್ತು ಮೇಯರ್‌ಗಳ ಸತತ ಮರುಆಯ್ಕೆಯನ್ನೂ 1933ರ ತಿದ್ದುಪಡಿ ನಿಷೇಧಿಸಿತ್ತು, 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಆದ್ದರಿಂದ ಒಬ್ಬರು ಹುದ್ದೆಯಿಂದ ಹುದ್ದೆಗೆ ಜಿಗಿಯುತ್ತಿರುವುದನ್ನು ಚಂಚಲತೆಯೆಂದು ತಿಳಿಯಬಾರದು. ಬಹುಮಟ್ಟಿಗೆ ಅದು ಕಾನೂನೇ ರೂಪಿಸಿದ ನಡೆ.

ಮಾದರಿಯಾಗಿ ಎರ್ನೆಸ್ಟೊ ರುಫೊ ಅಪೆಲ್ ಅವರನ್ನು ಗಮನಿಸಬಹುದು. ಎನ್ಸೆನಾಡಾದ ಮೇಯರ್ ಆಗಿದ್ದ ಅವರು 1989ರಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗೆದ್ದು, ದಶಕಗಳ ಕಾಲ ಎಲ್ಲ ರಾಜ್ಯಗಳನ್ನೂ ಹಿಡಿದಿಟ್ಟಿದ್ದ ಪಿಆರ್‌ಐ ಪಕ್ಷವನ್ನು ಮಣಿಸಿದ ಮೊದಲ ವಿರೋಧಪಕ್ಷದ ಗವರ್ನರ್ ಎನಿಸಿಕೊಂಡರು. ಮುಂದೆ 2012ರಲ್ಲಿ ಸೆನೆಟ್ ಪ್ರವೇಶಿಸಿದರು.

ಶಾಸಕರು ನೇರವಾಗಿ ಗೆದ್ದರೋ, ಮತಗಳ ಪ್ರಮಾಣಕ್ಕೆ ತಕ್ಕಂತೆ ಪಕ್ಷದ ಪಟ್ಟಿಯಿಂದ ಬಂದರೋ ಎಂಬುದನ್ನೂ ನೋಡಿ, ಏಕೆಂದರೆ ಕೆಳಮನೆಯ 500 ಸ್ಥಾನಗಳಲ್ಲಿ 200 ಪಟ್ಟಿಯವು. ಸದಸ್ಯರು ರಜೆ ಪಡೆದಾಗ ‘ಸುಪ್ಲೆಂಟೆ’ ಎಂಬ ಬದಲಿ ಸದಸ್ಯರು ಆ ಸ್ಥಾನದಲ್ಲಿ ಕೂರುವುದರಿಂದ ಚುನಾವಣಾ ಫಲಿತಾಂಶವೊಂದನ್ನೇ ನಂಬಬೇಡಿ.