ಹದಿನೈದು ದಿನದ ಹಿಂದೆ ಅಜ್ಜಿ ಹೇಗಿದ್ದರು? ಹಿರಿಯ ರೋಗಿಯ ಆರೈಕೆ ಯೋಜನೆ ಬರೆಯುವುದು ಹೀಗೆ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ವಾರ್ಡಿಗೆ ಎಂಬತ್ತರ ಅಜ್ಜಿಯೊಬ್ಬರು ಬಂದಿದ್ದಾರೆ ಎಂದುಕೊಳ್ಳಿ. ಗದಗ ಕಡೆಯ ಹಳ್ಳಿಯವರು. ಜೊತೆಗೆ ಸೊಸೆ, ಮೊಮ್ಮಗ, ಒಂದು ಕೌದಿ, ಗುಳಿಗೆ ತುಂಬಿದ ಪ್ಲಾಸ್ಟಿಕ್ ಚೀಲ. ಡ್ಯೂಟಿಯಲ್ಲಿರುವ ಸಿಸ್ಟರ್ ನೀವು. ಬಿಪಿ, ಜ್ವರ, ಶುಗರ್ ನೋಡಿ ಬರೆದುಕೊಳ್ಳುತ್ತೀರಿ. ಅದು ಆಗಲೇಬೇಕು. ಅದರ ಜೊತೆಗೇ ಸೊಸೆಯನ್ನು ಒಂದು ಮಾತು ಕೇಳಿ: "ಹದಿನೈದು ದಿನದ ಹಿಂದ ಅಜ್ಜಿ ಮನ್ಯಾಗ ಏನೇನ್ ಮಾಡ್ತಿದ್ರು?"

ಹಿರಿಯರ ಆರೈಕೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ನನಗೆ ಗೊತ್ತಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಇವತ್ತು ಮಲಗಿರುವ ಅಜ್ಜಿ ಮಾತ್ರ. ಅವರು ವರ್ಷದಿಂದ ಹೀಗೇ ಇದ್ದಾರಾ, ಇಲ್ಲಾ ಮೊನ್ನೆಯಿಂದ ಹೀಗಾದರಾ ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಸೇವೆಗೆ ಸೇರಿದ ಹೊಸತರಲ್ಲಿ ನಾನು ಇದನ್ನು ಕೇಳಲಿಲ್ಲ. ಒಬ್ಬ ಅಜ್ಜಿ ಸುಮ್ನೆ ಮಲಗಿರುತ್ತಿದ್ದರು. ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ತೊಂದರೆ ಕೊಡದ ರೋಗಿ ಎಂದು ನನಗೆ ಸಮಾಧಾನ. ವಯಸ್ಸಾಗಿದೆ, ಮರೆವು ಇದೆ ಎಂದು ಬರೆದೆ. ಮೂರನೇ ದಿನ ಸೊಸೆ ತಾನಾಗಿಯೇ ಹೇಳಿದಳು, "ಮೊನ್ನಿ ತನಕ ನಮ್ಮತ್ತಿ ತಾವ ರೊಟ್ಟಿ ಬಡೀತಿದ್ರರಿ." ಮೂತ್ರದ ಸೋಂಕು ಆಗಿತ್ತು. ಜ್ವರವೇ ಬಂದಿರಲಿಲ್ಲ. ವಯಸ್ಸಾದವರಲ್ಲಿ ಸೋಂಕು ಎಷ್ಟೋ ಸಲ ಜ್ವರವಿಲ್ಲದೆ, ಬರೀ ಮಂಪರಾಗಿ ಬರುತ್ತದೆ. ಎರಡು ದಿನ ತಡವಾಯಿತು. ಆ ಎರಡು ದಿನ ಇವತ್ತಿಗೂ ನನ್ನನ್ನು ಕಾಡುತ್ತವೆ.

ಎರಡು ಕಾಲಂ ಹಾಕಿ

ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ "ಹದಿನೈದು ದಿನದ ಹಿಂದೆ", ಇನ್ನೊಂದರಲ್ಲಿ "ಇವತ್ತು". ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಆರು ದಿನನಿತ್ಯದ ಕೆಲಸಗಳ ಅಳತೆಯೊಂದನ್ನು ಪ್ರಕಟಿಸಿದರು. ಸ್ನಾನ, ಬಟ್ಟೆ ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರ ಹಿಡಿತದಲ್ಲಿರುವುದು, ತಾವೇ ಊಟ ಮಾಡುವುದು. ಬೇರೆಯವರ ನೆರವಿಲ್ಲದೆ ಮಾಡಿದರೆ ಒಂದೊಂದಕ್ಕೆ ಒಂದು ಅಂಕ. ಒಟ್ಟು 6. ನರ್ಸಿಂಗ್ ಓದಿದವರಿಗೆಲ್ಲ ಇದು ಗೊತ್ತು. ಆದರೆ ಕೇಳುವ ರೀತಿಯಲ್ಲೇ ನಾವು ಎಡವುತ್ತೇವೆ.

"ಸ್ನಾನ ತಾವೇ ಮಾಡ್ತಾರಾ?" ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಬಿಡಿಸಿ ಕೇಳಿ. ನೀರು ಯಾರು ತೋಡಿ ಕೊಡುತ್ತಾರೆ? ಬೆನ್ನು ಯಾರು ಉಜ್ಜುತ್ತಾರೆ? ಬಚ್ಚಲಿನಿಂದ ಏಳುವಾಗ ಯಾರ ಕೈ ಹಿಡಿಯುತ್ತಾರೆ? ಸೀರೆಯ ನಿರಿಗೆ ಯಾರು ಹಾಕುತ್ತಾರೆ?

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅಜ್ಜಿಗೆ ಕೈಲಾಗುತ್ತದೆ, ಆದರೆ "ನೀವ್ಯಾಕ ಮಾಡ್ತೀರಿ ಅತ್ತಿ, ಕೂಡ್ರಿ" ಎಂದು ಸೊಸೆ ಮಾಡಲು ಬಿಡುವುದಿಲ್ಲ. ಅದು ಪ್ರೀತಿ, ಗೌರವ. ಆದರೆ ಮಾಡಲಾರರೋ, ಮಾಡಲು ಬಿಡುತ್ತಿಲ್ಲವೋ ಎಂಬುದು ನಿಮಗೆ ಬೇರೆಬೇರೆಯಾಗಿ ಗೊತ್ತಾಗಬೇಕು. ಎರಡಕ್ಕೂ ಯೋಜನೆ ಬೇರೆ.

ಮಾತಾಡಿಸುವ ಮೊದಲು

ಗದಗಿನಿಂದ ಬಸ್ಸಿನಲ್ಲಿ ಬಂದವರು ದಣಿದಿರುತ್ತಾರೆ. ದಾರಿಯಲ್ಲಿ ಮೂತ್ರಕ್ಕೆ ಜಾಗ ಸಿಗುವುದಿಲ್ಲವೆಂದು ಬೆಳಗಿನಿಂದ ನೀರೇ ಕುಡಿದಿರುವುದಿಲ್ಲ. ಮೊದಲು ಶೌಚಕ್ಕೆ ಕರೆದೊಯ್ಯಿರಿ. ಕುಡಿಯಬಾರದೆಂದು ಡಾಕ್ಟರ್ ಹೇಳಿರದಿದ್ದರೆ, ನುಂಗಲು ತೊಂದರೆ ಇಲ್ಲದಿದ್ದರೆ, ನೀರು ಕೊಡಿ. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮಶೀನು ಚೀಲದಲ್ಲಿದ್ದರೆ ಹಾಕಿಸಿ.

ಪಕ್ಕದಲ್ಲಿ ಕೂತು ಮಾತಾಡಿ, ನಿಮ್ಮ ಮುಖ ಅವರಿಗೆ ಕಾಣಲಿ. ಕೂಗಬೇಡಿ. ವಯಸ್ಸಾದಂತೆ ಕೀಚಲು ದನಿ ಮೊದಲು ಕೇಳದಾಗುತ್ತದೆ, ಕೂಗಿದರೆ ನಮ್ಮ ದನಿ ಕೀಚಲಾಗುತ್ತದೆ. ದನಿ ತಗ್ಗಿಸಿ, ನಿಧಾನಕ್ಕೆ ಹೇಳಿ. ಅಜ್ಜಿ, ಆಯಿ, ಯವ್ವ, ಏನೆಂದು ಕರೆದರೆ ಅವರಿಗೆ ಸೇರುತ್ತದೆ ಎಂದು ಕೇಳಿಕೊಳ್ಳಿ. ಪ್ರಶ್ನೆ ಅವರಿಗೇ ಕೇಳಿ. ಸೊಸೆ ಉತ್ತರ ಕೊಟ್ಟರೂ ನಿಮ್ಮ ಕಣ್ಣು ಅಜ್ಜಿಯ ಮೇಲೇ ಇರಲಿ.

ಮೂತ್ರ ಸೋರುವುದು, ಮನೆಯಲ್ಲಿ ಊಟ ಸರಿಯಾಗಿ ಸಿಗುತ್ತದೋ ಇಲ್ಲವೋ, ಯಾರಾದರೂ ಬೈಯುತ್ತಾರೋ ಹೊಡೆಯುತ್ತಾರೋ ಎಂಬ ಮಾತು ಯಾರೂ ಇಲ್ಲದಾಗ ಕೇಳಿ. ಅನುಮಾನ ಬಂದರೆ ಡಾಕ್ಟರಿಗೂ ಮೇಲಿನವರಿಗೂ ತಿಳಿಸಿ. ಹಿರಿಯರ ಸಹಾಯವಾಣಿ 14567 ಉಚಿತ.

ಮನಸ್ಸು ಎಚ್ಚರವಾಗಿದೆಯೇ?

"ಇವತ್ತು ತಾರೀಖು ಎಷ್ಟು?" ಎಂದು ಹೊಲದಲ್ಲೇ ಬದುಕು ಕಳೆದ ಅಜ್ಜಿಯನ್ನು ಕೇಳಿ, ಹೇಳಲಿಲ್ಲ ಎಂದು ಬರೆದರೆ ಅದು ಅನ್ಯಾಯ. ಅವರ ಕ್ಯಾಲೆಂಡರ್ ಬೇರೆ. ಕಾರ ಹುಣ್ಣಿಮೆ ಆಯಿತಾ, ಶೀಗಿ ಹುಣ್ಣಿಮೆ ಬಂತಾ, ಹೊಲದಲ್ಲಿ ಈಗ ಏನಿದೆ ಎಂದು ಕೇಳಿ. ಇದಕ್ಕೆ ಅಂಕ ಇಲ್ಲ. ಅಂಕ ಬೇಕಾದಾಗ ಒಪ್ಪಿತ ಪರೀಕ್ಷೆಯನ್ನೇ ಮಾಡಿ, ಓದು ಬಾರದವರು ಎಂಬುದನ್ನು ಪಕ್ಕದಲ್ಲಿ ಬರೆಯಿರಿ.

ಇಲ್ಲಿ ಜಾಸ್ತಿ ನೋಡಬೇಕಾದ್ದು ಗಮನ. ಗೊತ್ತಿರುವವರಾದರೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ: ರವಿವಾರ, ಶನಿವಾರ, ಶುಕ್ರವಾರ. ನಡುವೆ ಎಳೆ ತಪ್ಪಿ ಎತ್ತಲೋ ನೋಡುತ್ತಿದ್ದಾರಾ? ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಬಡಬಡಿಸುತ್ತಾರಾ? ಗಂಟೆ, ದಿನಗಳ ಲೆಕ್ಕದಲ್ಲಿ ಶುರುವಾಗಿ, ಒಮ್ಮೆ ಇದ್ದು ಒಮ್ಮೆ ಇಲ್ಲದಂತಾದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಬುದ್ಧಿಯ ಗೊಂದಲ, ಇರಬಹುದು. ಕೂಡಲೇ ಡಾಕ್ಟರಿಗೆ ಹೇಳಬೇಕು. ನನ್ನ ಆ ಅಜ್ಜಿಯ ಹಾಗೆ ಸುಮ್ಮನೆ ಮಲಗಿಬಿಡುವ ಬಗೆಯೂ ಇದೆ. ನಮ್ಮ ಕಣ್ಣು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಅದೇ. ಸೋಂಕು, ನೀರು ಕಡಿಮೆಯಾಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ನೋವು, ಹೊಸ ಗುಳಿಗೆ, ಯಾವುದೂ ಕಾರಣವಾಗಬಹುದು. ಮರೆವಿನ ಕಾಯಿಲೆ ಹಾಗಲ್ಲ, ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬೆಳೆಯುತ್ತದೆ. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತೋರಿಸಬಹುದು.

ಚೀಲ ಸುರಿಯಿರಿ

ಗುಳಿಗೆಯ ಚೀಲವನ್ನು ಪೂರ್ತಿ ಹಾಸಿಗೆಯ ಮೇಲೆ ಸುರಿಸಿ. ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಸಿಗುತ್ತದೆ. ಅಂಗಡಿಯಿಂದ ತಂದ ಮೊಣಕಾಲು ನೋವಿನ ಗುಳಿಗೆ, ನಿದ್ದೆ ಗುಳಿಗೆ, ಯಾರೋ ಕೊಟ್ಟ ಪುಡಿ, ಎಲ್ಲ ಹೊರಬರುತ್ತವೆ. ಐದಕ್ಕಿಂತ ಹೆಚ್ಚು ಔಷಧಿ ಇದ್ದರೆ ಪ್ರತಿಯೊಂದೂ ಏಕೆ ಬೇಕು ಎಂದು ಡಾಕ್ಟರನ್ನು ಕೇಳಲೇಬೇಕು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಎದ್ದು ನಿಂತಾಗ

ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಭಯ ಇದೆ. ನಡೆಯುವವರಾದರೆ ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿ, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಎಚ್ಚರ. ನೀವು ಕೈಗೆ ಸಿಗುವಷ್ಟು ಹತ್ತಿರವೇ ಇರಿ.

ಮೊಮ್ಮಗನ ಮೊಬೈಲು ಇಲ್ಲಿ ಬಹಳ ಉಪಯೋಗ. ಮನೆಯ ಹೊಸ್ತಿಲು, ಬಚ್ಚಲು, ರಾತ್ರಿ ಶೌಚಕ್ಕೆ ಹೋಗುವ ದಾರಿಯ ಫೋಟೋ ತರಿಸಿ. ಒದ್ದೆ ಫರಸಿ, ದೀಪವಿಲ್ಲದ ಹಿತ್ತಲು, ಕುಕ್ಕರುಗಾಲಲ್ಲಿ ಕೂರುವ ಪಾಯಖಾನೆ, ಎಲ್ಲವೂ ಫೋಟೋದಲ್ಲಿ ಕಾಣುತ್ತದೆ.

ಹಾಸಿಗೆ ಹುಣ್ಣು ಶುರುವಾಗಿದೆಯಾ ಎಂದು ಚರ್ಮವನ್ನು ದಿನಾ ನೋಡಿ: ಟೊಂಕದ ಕೆಳಗೆ, ಹಿಮ್ಮಡಿ, ಸೊಂಟದ ಎಲುಬು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಹಾಗಾಗಿ ಮುಟ್ಟಿ ನೋಡಿ, ಬಿಸಿ ಇದೆಯಾ, ಗಟ್ಟಿ ಇದೆಯಾ ಎಂದು. ತೂಕ ಬರೆದುಕೊಳ್ಳಿ. ಹಲ್ಲಿಲ್ಲದವರಿಗೆ ಒಣ ರೊಟ್ಟಿ ಕೊಟ್ಟು ಊಟ ಮಾಡಲಿಲ್ಲ ಎಂದು ಬರೆಯಬೇಡಿ. ಹಾಲಿನಲ್ಲಿ ನೆನೆಸಿದ ರೊಟ್ಟಿ, ನುಚ್ಚು, ಮೆತ್ತನೆಯ ಬೇಳೆ ಕೊಟ್ಟು ನೋಡಿ. ನುಂಗುವಾಗ ಕೆಮ್ಮು ಬಂದರೆ ಊಟ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ಈಗ ಯೋಜನೆ

ವಿದ್ಯಾರ್ಥಿಗಳ ಫೈಲಿನಲ್ಲಿ ಒಂದು ಸಾಲು ಪದೇಪದೇ ನೋಡಿದ್ದೇನೆ: "ರೋಗಿಗೆ ಧೈರ್ಯ ತುಂಬುವುದು." ಇಂಥ ಸಾಲು ಯಾವ ರೋಗಿಯ ಹೆಸರಿನ ಕೆಳಗೂ ಕೂರುತ್ತದೆ. ಹೆಸರು ಅಳಿಸಿದರೂ ಇದು ಇಂಥವರದೇ ಎಂದು ಗೊತ್ತಾಗುವಂತೆ ಬರೆಯಿರಿ.

ಅದಕ್ಕೆ ಮೊದಲು ಅಜ್ಜಿಯನ್ನು ಕೇಳಿ: "ಮನಿಗೆ ಹ್ವಾದ ಮ್ಯಾಲೆ ಏನ್ ಮಾಡಬೇಕು ಅನಸ್ತೈತಿ?" ಒಬ್ಬರಿಗೆ ತೋಂಟದಾರ್ಯ ಜಾತ್ರೆಯ ತೇರು ನೋಡಬೇಕು. ಇನ್ನೊಬ್ಬರಿಗೆ ಮನೆ ಮುಂದಿನ ಕಟ್ಟೆಯ ಮೇಲೆ ಸಂಜೆ ಕೂರಬೇಕು. ಅದನ್ನು ಅವರ ಮಾತಿನಲ್ಲೇ ಮೇಲೆ ಬರೆಯಿರಿ. ಗುರಿ ಅದೇ.

ಕಟ್ಟೆಯ ಅಜ್ಜಿಯದನ್ನೇ ತೆಗೆದುಕೊಳ್ಳೋಣ. ತೊಂದರೆಯನ್ನು ಕಾರಣದ ಜೊತೆ ಬರೆಯಿರಿ: "ಎದ್ದಾಗ ಬಿಪಿ 24 ಇಳಿಯುತ್ತದೆ, ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತಾರೆ, ಹಾಗಾಗಿ ಬೀಳುವ ಅಪಾಯ." ಮೊದಲ ಮೆಟ್ಟಿಲು: "ಮೂರು ದಿನದಲ್ಲಿ ಒಬ್ಬರ ಕೈ ಹಿಡಿದು ಶೌಚಕ್ಕೆ ಹೋಗಿಬರಬೇಕು." ಆಮೇಲೆ ಕೆಲಸ, ಯಾರು, ಯಾವಾಗ. ಏಳುವ ಮೊದಲು ಎರಡು ನಿಮಿಷ ಕಾಲು ಇಳಿಬಿಟ್ಟು ಕೂರಿಸುವುದು, ಪ್ರತಿ ಸಲ, ಡ್ಯೂಟಿ ಸಿಸ್ಟರ್. ಮಲಗುವ ಮೊದಲು ಶೌಚಕ್ಕೆ ಕರೆದೊಯ್ಯುವುದು, ರಾತ್ರಿ 9ಕ್ಕೆ, ಸೊಸೆ. ಬಿಪಿ ಗುಳಿಗೆಯ ಬಗ್ಗೆ ಡಾಕ್ಟರ್ ಜೊತೆ ಮಾತಾಡುವುದು, ಇವತ್ತೇ. ಬಟ್ಟೆಯನ್ನು ಅಜ್ಜಿಯೇ ಉಡಲಿ, ಅರ್ಧ ಗಂಟೆ ಹಿಡಿದರೂ ಸರಿ. ಬೀಳುತ್ತಾರೆಂದು ಕೈ ಕಟ್ಟುವುದು ಬೇಡ, ಕಟ್ಟಿದರೆ ಗಾಬರಿ, ಗೊಂದಲ ಇನ್ನೂ ಹೆಚ್ಚುತ್ತದೆ. ಮೂತ್ರದ ನಳಿಗೆ ಹಾಕಿದ್ದರೆ ಅದು ಇನ್ನೂ ಬೇಕಾ ಎಂದು ದಿನಾ ಕೇಳಿ.

ದಿನವೂ "ಇವತ್ತು" ಕಾಲಂ ಹೊಸದಾಗಿ ತುಂಬಿ. ಹಿಂದಿನ ಕಾಲಂನ ಹತ್ತಿರ ಹೋಗುತ್ತಿದೆಯಾ? ಹೋಗದಿದ್ದರೆ ಯೋಜನೆ ಬದಲಿಸಿ. ಬದಲಿಸುವುದು ಸೋಲಲ್ಲ.

ಡಿಸ್ಚಾರ್ಜಿನ ದಿನ ಸೊಸೆಗೆ ಹೇಳಿಕೊಟ್ಟು ಬಿಡಬೇಡಿ, ಮಾಡಿ ತೋರಿಸಲು ಹೇಳಿ: "ಅಜ್ಜಿನ ಹ್ಯಾಂಗ ಎಬ್ಬಸ್ತೀ, ನನಗ ತೋರ್ಸವಾ." ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಿ, ಎರಡು ಕಾಲಂ ಅದರಲ್ಲೂ ಇರಲಿ. ಒಂದು ವಾರ ಬಿಟ್ಟು ಫೋನ್ ಮಾಡಿ ಅದೇ ಆರು ಕೆಲಸ ಕೇಳಿ. ಏಳನೆಯದಾಗಿ, ಕಟ್ಟೆಗೆ ಬಂದು ಕೂತರಾ ಎಂದೂ ಕೇಳಿ.